ಹೋದನೋ, ಕಳಿಸಿದರೋ

“ಯಾರಿಗೆ ಕೊಟ್ಟರಂತೆ?”

2020ರ ಫೆಬ್ರವರಿ ಮೊದಲ ವಾರದಲ್ಲಿ ಅಮ್ಮ ಮೈಸೂರಿನಿಂದ ಫೋನಿನಲ್ಲಿ ಕೇಳಿದ ಮಾತು ಇದು. ಬಾಸ್ಟನ್ ರೆಡ್ ಸಾಕ್ಸ್ ಎಂಬ ಬೇಸ್‌ಬಾಲ್ ತಂಡ ತನ್ನ ಆಟಗಾರ ಮೂಕಿ ಬೆಟ್ಸ್‌ನನ್ನು ಲಾಸ್ ಏಂಜಲೀಸ್ ಡಾಡ್ಜರ್ಸ್‌ಗೆ ಟ್ರೇಡ್ ಮಾಡುತ್ತಿದೆ ಎಂಬ ಸುದ್ದಿ ನಮಗೆ ಆಗ ತಾನೇ ಸಿಕ್ಕಿತ್ತು. ಇಲ್ಲಿ ಅಮೆರಿಕದಲ್ಲಿ ರಾತ್ರಿ, ಅಲ್ಲಿ ಬೆಳಗ್ಗೆ. ಅಮ್ಮನಿಗೆ ಹೇಳಲು ಹೊರಟೆ. ಆದರೆ ಒಬ್ಬ ಆಟಗಾರನನ್ನು ಬೇರೆ ತಂಡಕ್ಕೆ ಸಾಗಿಸಿ ಬದಲಿಗೆ ಅವರ ಆಟಗಾರರನ್ನು ಪಡೆಯುವ ‘ಟ್ರೇಡ್’ ಎಂಬ ಮಾತಿಗೆ ಕನ್ನಡದಲ್ಲಿ ಏನೆನ್ನಬೇಕೋ ತೋಚಲಿಲ್ಲ. ವಿನಿಮಯ ಎಂದರೆ ಬ್ಯಾಂಕಿನ ಫಲಕದಲ್ಲಿ ಕಾಣುವ ಪದ. ಅದಲುಬದಲು ಎಂದರೆ ಚಪ್ಪಲಿಗೆ ಹೇಳುವ ಮಾತು. ಮಾರಿದರು ಎನ್ನಲು ನಾಲಿಗೆ ಏಳಲಿಲ್ಲ. “ಅಮ್ಮ, ಮೂಕಿಯನ್ನು ಬೇರೆ ತಂಡಕ್ಕೆ…” ಎಂದು ಅರ್ಧಕ್ಕೇ ನಿಲ್ಲಿಸಿದೆ. ಉಳಿದ ಕ್ರಿಯಾಪದವನ್ನು ಅಮ್ಮನೇ ತುಂಬಿದಳು. ಮಗಳನ್ನು ಮಂಡ್ಯಕ್ಕೆ ಕೊಟ್ಟರು, ತಂಗಿಯನ್ನು ಹಾಸನಕ್ಕೆ ಕೊಟ್ಟರು ಎನ್ನುವಾಗ ಬರುವ ಅದೇ ‘ಕೊಟ್ಟರು’. “ಯಾರಿಗೆ ಕೊಟ್ಟರಂತೆ? ಅವರು ಒಳ್ಳೆಯ ಜನವಾ?”

ಆ ರಾತ್ರಿಯಿಂದ ಇಂದಿನವರೆಗೆ ಈ ಕ್ರಿಯಾಪದಗಳು ನನ್ನನ್ನು ಬಿಟ್ಟಿಲ್ಲ. ಹೋದ, ಕಳಿಸಿದರು, ಕೊಟ್ಟರು, ಬಿಟ್ಟುಕೊಟ್ಟರು. ವಾಕ್ಯದಲ್ಲಿ ಕರ್ತೃ ಯಾರು ಎನ್ನುವುದರ ಮೇಲೆ ದುಃಖದ ಬಣ್ಣವೇ ಬದಲಾಗುತ್ತದೆ. ಆಟಗಾರನೊಬ್ಬ ಊರು ಬದಲಿಸಿದ್ದಕ್ಕೆ ಆರು ವರ್ಷ ಕಳೆದರೂ ಇಷ್ಟು ಸಂಕಟವೇಕೆ ಎಂದು ನನ್ನನ್ನು ಹಲವರು ಕೇಳಿದ್ದಾರೆ. ಅವರಿಗೆಲ್ಲ ಸರಿಯಾಗಿ ಉತ್ತರಿಸಲು ಆಗಿಲ್ಲ. ಬರೆದಾದರೂ ನೋಡೋಣ ಎಂದು ಕುಳಿತಿದ್ದೇನೆ.

ಹದಿಮೂರನೆಯ ಎಸೆತ

2018ರ ಬೇಸಿಗೆಯಲ್ಲಿ ಅಮ್ಮ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದಳು. ಅಪ್ಪ ತೀರಿಕೊಂಡು ವರ್ಷ ತುಂಬಿತ್ತು. ನಾವಿರುವುದು ಬಾಸ್ಟನ್ನಿನ ಪಶ್ಚಿಮಕ್ಕಿರುವ ಫ್ರೇಮಿಂಗ್‌ಹ್ಯಾಮ್‌ನಲ್ಲಿ. ಹಗಲು ನಾವಿಬ್ಬರೂ ಕೆಲಸಕ್ಕೆ, ಎಂಟು ವರ್ಷದ ಮಗಳು ಬೇಸಿಗೆ ಶಿಬಿರಕ್ಕೆ. ಅಮ್ಮನಿಗೆ ಮಾತನಾಡಲು ಕಿಟಕಿಯಾಚೆಯ ಅಳಿಲುಗಳಷ್ಟೇ. ಸಂಜೆ ಏಳಕ್ಕೆ ಟಿವಿಯಲ್ಲಿ ಪಂದ್ಯ ಶುರುವಾಗುತ್ತಿತ್ತು. ಬೇಸ್‌ಬಾಲನ್ನು ಹತ್ತಿರದಿಂದ ಕಾಣದವರಿಗೆ ಅದರ ನಿತ್ಯತೆ ತಿಳಿಯುವುದು ಕಷ್ಟ. ಒಂದು ತಂಡಕ್ಕೆ ವರ್ಷಕ್ಕೆ 162 ಪಂದ್ಯ. ವಸಂತದಿಂದ ಎಲೆ ಉದುರುವ ತನಕ ಹೆಚ್ಚುಕಡಿಮೆ ಪ್ರತಿದಿನವೂ ಆಟ. ವಿಶ್ವಕಪ್ಪಿನ ಹಾಗೆ ನಾಲ್ಕು ವರ್ಷಕ್ಕೊಮ್ಮೆ ಬಂದು ಹೋಗುವ ಹಬ್ಬವಲ್ಲ ಅದು, ಹಾಲಿನವನ ಹಾಗೆ ದಿನವೂ ಬರುವಂಥದ್ದು. ಒಗ್ಗರಣೆ ಸಿಡಿಯುವಾಗಲೂ ಹೋಂವರ್ಕ್ ನಡೆಯುವಾಗಲೂ ಮನೆಯ ಒಂದು ಮೂಲೆಯಲ್ಲಿ ಆ ಜನ ಇರುತ್ತಾರೆ. ತಿಂಗಳೊಪ್ಪತ್ತಿನಲ್ಲಿ ಅಮ್ಮನಿಗೆ ಅವರ ನಡಿಗೆಯೇ ಗುರುತು ಸಿಗತೊಡಗಿತು. ಹೆಸರು ಕೇಳಿ ಮೊದಲು ಮರುಗಿದ್ದಳು: “ಮೂಕಿಯೇ? ಪಾಪ, ಮಾತು ಬರುವುದಿಲ್ಲವೇ?” ಮಾರ್ಕಸ್ ಲಿನ್ ಬೆಟ್ಸ್ ಎಂಬುದು ಪೂರ್ತಿ ಹೆಸರು, ಮೂಕಿ ಎಂಬುದು ಅಪ್ಪ ಅಮ್ಮ ಬ್ಯಾಸ್ಕೆಟ್‌ಬಾಲ್ ಆಟಗಾರನೊಬ್ಬನನ್ನು ನೋಡಿ ಮುದ್ದಿಗೆ ಇಟ್ಟದ್ದು ಎಂದು ಮೊಮ್ಮಗಳು ವಿವರಿಸಿದಳು. ಆಮೇಲೆ ಅವನು ಅಮ್ಮನಿಗೆ ‘ಆ ಮೂಲೆಯ ಹುಡುಗ’ನಾದ, ರೈಟ್ ಫೀಲ್ಡಿನ ಮೂಲೆಯಲ್ಲಿ ನಿಲ್ಲುತ್ತಿದ್ದುದರಿಂದ. ಆರೂವರೆ ಅಡಿಯ ಆಳುಗಳ ನಡುವೆ ಅವನು ಐದು ಅಡಿ ಒಂಬತ್ತು ಅಂಗುಲ. “ನಮ್ಮ ಕಡೆಯ ಹುಡುಗನ ಹಾಗಿದ್ದಾನೆ,” ಎನ್ನುತ್ತಿದ್ದಳು.

ಜುಲೈ 12ರ ಗುರುವಾರ ಅಮ್ಮನನ್ನೂ ಮಗಳನ್ನೂ ತಂಡದ ಮೈದಾನವಾದ ಫೆನ್‌ವೇ ಪಾರ್ಕ್‌ಗೆ ಕರೆದುಕೊಂಡು ಹೋದೆ. ನಮ್ಮೂರಿನ ರೈಲು ಮೈದಾನದ ಬೆನ್ನಿಗೇ ನಿಲ್ಲುತ್ತದೆ. ಅಮ್ಮ ರೇಷ್ಮೆಯಂಚಿನ ಹತ್ತಿ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡಿದ್ದಳು. ಮಗಳ ಮೈಮೇಲೆ 50ನೇ ಸಂಖ್ಯೆಯ ಬಿಳಿ ಅಂಗಿ. ರೆಡ್ ಸಾಕ್ಸ್‌ನ ತವರಿನ ಅಂಗಿಯ ಬೆನ್ನಿನ ಮೇಲೆ ಆಟಗಾರನ ಹೆಸರಿರುವುದಿಲ್ಲ, ಬರಿಯ ಸಂಖ್ಯೆ. ಯಾರದೆಂದು ಊರಿಗೆಲ್ಲ ಗೊತ್ತಿರುತ್ತದೆ, ಬರೆಯುವ ಅಗತ್ಯವಿಲ್ಲ. ಬೆಳೆಯುವ ಮಗು ಎಂದು ಎರಡು ಅಳತೆ ದೊಡ್ಡದನ್ನೇ ತಂದಿದ್ದೆವು. ಅಮ್ಮ ಹಿಂದಿನ ರಾತ್ರಿ ಸೂಜಿ ಹಿಡಿದು ಕುಳಿತು ಅದರ ಅಂಚನ್ನು ನಾಲ್ಕು ಬೆರಳಿನಷ್ಟು ಒಳಕ್ಕೆ ಮಡಿಚಿ ಹೊಲಿದಿದ್ದಳು. ಮುಂದೆ ಬಿಚ್ಚಿಕೊಳ್ಳಬಹುದು ಎಂದು ದೊಡ್ಡ ದೊಡ್ಡ ಹೊಲಿಗೆ.

ನಾಲ್ಕನೆಯ ಇನ್ನಿಂಗ್ಸ್. ಎದುರಾಳಿ ಟೊರಾಂಟೊ, ಎಸೆಯುತ್ತಿದ್ದವನು ಎಡಗೈನ ಜೆ. ಎ. ಹ್ಯಾಪ್. ಓಟಗಾರರು ನಿಲ್ಲುವ ಮೂರೂ ಬೇಸುಗಳಲ್ಲಿ ನಮ್ಮವರು. ಮೂಕಿ ಬ್ಯಾಟು ಹಿಡಿದು ಬಂದ. ಒಂದರ ಮೇಲೊಂದು ಎಸೆತ, ಒಂದರ ಮೇಲೊಂದು ಫೌಲ್. ಚೆಂಡು ಯಾರ ಕೈಗೂ ಸಿಗದೆ ಗೆರೆಯಾಚೆ ಸಿಡಿದರೆ ಅವನು ಔಟೂ ಅಲ್ಲ, ಓಟವೂ ಇಲ್ಲ, ಮತ್ತೆ ಮೊದಲಿನ ಜಾಗಕ್ಕೆ. ನನ್ನ ಪಕ್ಕದಲ್ಲಿ ಅಮ್ಮ ಬಲಗೈಯನ್ನು ಮಡಿಲಿನಲ್ಲಿಟ್ಟುಕೊಂಡು ಬೆರಳಿನ ಗೆರೆಗಳ ಮೇಲೆ ಹೆಬ್ಬೆರಳನ್ನು ಸರಿಸುತ್ತಿದ್ದಳು. ಮೊದಲು ಜಪವೇನೋ ಎಂದುಕೊಂಡೆ. ನೋಡಿದರೆ ಎಸೆತಗಳನ್ನು ಎಣಿಸುತ್ತಿದ್ದಳು. ಕಿರುಬೆರಳಿಗೆ ಮೂರು, ಉಂಗುರದ ಬೆರಳಿಗೆ ಮೂರು, ಹಾಗೆಯೇ ಮೇಲಕ್ಕೆ. ತೋರುಬೆರಳಿನ ತುದಿಗೆ ಬಂದಾಗ ಹನ್ನೆರಡಾಗಿ ಕೈಯಲ್ಲಿ ಗೆರೆಯೇ ಉಳಿಯಲಿಲ್ಲ. ಎಡಗೈಯನ್ನು ಸೆರಗಿನಿಂದ ಹೊರಗೆ ತೆಗೆದು, ಕಿರುಬೆರಳಿನ ಬುಡದಲ್ಲಿ ಹೆಬ್ಬೆರಳಿಟ್ಟಳು. ಆ ಎಸೆತವನ್ನು ಅವನು ಎಡಬದಿಯ 37 ಅಡಿಯ ಹಸಿರು ಗೋಡೆಯ ಮೇಲಿಂದ ದಾಟಿಸಿದ. ಗ್ರ್ಯಾಂಡ್ ಸ್ಲ್ಯಾಮ್, ಒಂದೇ ಹೊಡೆತಕ್ಕೆ ನಾಲ್ಕು ಓಟ. ಅವನು ಕೈಗಳನ್ನು ಬೀಸುತ್ತ, ತನ್ನವರತ್ತ ತಿರುಗಿ ಕೂಗುತ್ತ ಓಡಿದ. ಹೆಚ್ಚು ಮಾತಿಲ್ಲದ, ಮುಖದಲ್ಲಿ ಏನನ್ನೂ ತೋರಗೊಡದ ಹುಡುಗ ಹಾಗೆ ಕೂಗಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಮೂವತ್ತು ಸಾವಿರಕ್ಕೂ ಮಿಕ್ಕ ಜನ ಎದ್ದು ನಿಂತಿದ್ದರು. ಅಮ್ಮ ಕುಳಿತೇ ಇದ್ದಳು, ಹೆಬ್ಬೆರಳು ಇನ್ನೂ ಕಿರುಬೆರಳಿನ ಬುಡದಲ್ಲಿ. “ಹದಿಮೂರು,” ಎಂದಳು. ಅಪ್ಪ ಹೋದ ಮೇಲೆ ಅವಳ ಮುಖದಲ್ಲಿ ಆ ಬೆಳಕನ್ನು ನಾನು ನೋಡಿರಲಿಲ್ಲ.

ಆ ಸಾಲಿನಲ್ಲಿ ತಂಡ 108 ಪಂದ್ಯ ಗೆದ್ದಿತು. ಅವನ ಸರಾಸರಿ .346, ಹೋಂ ರನ್ 32, ಎಸೆಯುವವನ ಕಣ್ಣು ತಪ್ಪಿಸಿ ಓಡಿ ಕದ್ದ ಬೇಸು 30, ಅಮೆರಿಕನ್ ಲೀಗಿನ ಅತ್ಯುತ್ತಮ ಆಟಗಾರನ ಪ್ರಶಸ್ತಿ. ಗೆದ್ದಾಗಲೆಲ್ಲ ಹೊರ ಮೈದಾನದ ಮೂವರು, ಬೆನಿನ್ಟೆಂಡಿ, ಬ್ರ್ಯಾಡ್ಲಿ ಮತ್ತು ಮೂಕಿ, ನಡುವೆ ಸೇರಿ ಪುಟ್ಟದೊಂದು ಕುಣಿತ ಕುಣಿಯುತ್ತಿದ್ದರು. ನಮ್ಮ ಹಿತ್ತಿಲಿನ ಮಕ್ಕಳೆಲ್ಲ ಅದನ್ನು ಕಲಿತಿದ್ದರು. ಆದರೆ ಅಮ್ಮನ ಮನಸ್ಸಿನಲ್ಲಿ ಅವನು ಶಾಶ್ವತವಾಗಿ ನಿಂತದ್ದು ಬೇರೆಯದಕ್ಕೆ. ಅಕ್ಟೋಬರ್‌ನಲ್ಲಿ, ವರ್ಷದ ಕಿರೀಟ ಯಾರಿಗೆಂದು ತೀರ್ಮಾನಿಸುವ ವರ್ಲ್ಡ್ ಸೀರೀಸ್‌ನ ಎರಡನೆಯ ಪಂದ್ಯ ಗೆದ್ದ ರಾತ್ರಿ, ಊರು ಮಲಗಿದ ಹೊತ್ತಿನಲ್ಲಿ, ಅವನು ತಟ್ಟೆಗಟ್ಟಲೆ ಊಟ ತೆಗೆದುಕೊಂಡು ಹೋಗಿ ಬಾಸ್ಟನ್ನಿನ ಕಾಪ್ಲಿಯ ಸಾರ್ವಜನಿಕ ಗ್ರಂಥಾಲಯದ ಹೊರಗೆ ಮಲಗುವ ನಿರ್ಗತಿಕರಿಗೆ ಬಡಿಸಿ ಬಂದಿದ್ದ. ಯಾರಿಗೂ ಹೇಳಿರಲಿಲ್ಲ, ಕಂಡವರಿಂದ ಸುದ್ದಿಯಾಯಿತು. “ಕೊರೆಯುವ ಚಳಿಯಲ್ಲಿ ಅನ್ನ ಹಾಕಿದ ಕೈ ಅದು,” ಎಂದಳು ಅಮ್ಮ. ಮೈಸೂರಿಗೆ ಮರಳಿದ ಮೇಲೂ ವಾರಕ್ಕೊಮ್ಮೆ ಫೋನಿನಲ್ಲಿ ವಿಚಾರಿಸುತ್ತಿದ್ದಳು. ಮೊದಲು ಮೊಮ್ಮಗಳು, ಆಮೇಲೆ ನನ್ನ ಹೊಟ್ಟೆಯ ಉರಿ, ಆಮೇಲೆ ಮೂಕಿ.

ಆರು ದಿನಗಳ ಫೆಬ್ರವರಿ

ಟ್ರೇಡಿನ ಲೆಕ್ಕವನ್ನು ಇಲ್ಲಿನವರೆಲ್ಲ ಬಾಯಿಪಾಠ ಮಾಡಿಬಿಟ್ಟಿದ್ದಾರೆ. ಬೇಸ್‌ಬಾಲಿನಲ್ಲಿ ತಂಡವೊಂದರ ಸಂಬಳದ ಮೊತ್ತ ಒಂದು ಮಿತಿಯನ್ನು ದಾಟಿದರೆ ತೆರಿಗೆಯಿದೆ. 2020ಕ್ಕೆ ಆ ಮಿತಿ 20.8 ಕೋಟಿ ಡಾಲರ್. 2018ರಲ್ಲೂ 2019ರಲ್ಲೂ ರೆಡ್ ಸಾಕ್ಸ್ ಅದನ್ನು ದಾಟಿತ್ತು, ಮೂರನೆಯ ವರ್ಷವೂ ದಾಟಿದರೆ ಹೆಚ್ಚಿನ ಮೊತ್ತದ ಮೇಲೆ ಶೇ 50. ಒಂದು ವರ್ಷ ಕೆಳಗಿಳಿದರೆ ಲೆಕ್ಕ ಮತ್ತೆ ಮೊದಲಿನಿಂದ. ಮೂಕಿಯ ಆ ವರ್ಷದ ಸಂಬಳ 2.7 ಕೋಟಿ, ವರ್ಷದ ಕೊನೆಗೆ ಅವನು ಬಂಧಮುಕ್ತ, ಯಾವ ತಂಡಕ್ಕಾದರೂ ಹೋಗಬಹುದು. ಅವನು ಕೇಳುವಷ್ಟನ್ನು ಕೊಡಲು ತಂಡಕ್ಕೆ ಮನಸ್ಸಿರಲಿಲ್ಲ. ಜೊತೆಗೆ ಡೇವಿಡ್ ಪ್ರೈಸ್ ಎಂಬ ಪಿಚರ್‌ಗೆ, ಅಂದರೆ ಚೆಂಡೆಸೆಯುವವನಿಗೆ, ಇನ್ನೂ 9.6 ಕೋಟಿ ಬಾಕಿಯಿತ್ತು. ಅದರಲ್ಲಿ ಅರ್ಧವನ್ನು ಹೊತ್ತುಕೊಳ್ಳುವವರು ಬೇಕಾಗಿತ್ತು. ಹೊರೆಯನ್ನು ಸಾಗಿಸಲು ಹೊಳೆಯುವ ಒಡವೆಯನ್ನು ಮೇಲಿಟ್ಟು ಕೊಟ್ಟರು. ಬದಲಿಗೆ ಬಂದವರು ಅಲೆಕ್ಸ್ ವರ್ಡುಗೊ, ಜೀಟರ್ ಡೌನ್ಸ್, ಕಾನರ್ ವಾಂಗ್.

ಎಲ್ಲರಿಗೂ ನೆನಪಿರದ ಒಂದು ಸಂಗತಿಯೆಂದರೆ, ಅದು ಒಂದೇ ಏಟಿಗೆ ಮುಗಿಯಲಿಲ್ಲ. ಫೆಬ್ರವರಿ 4ರಂದು ಸುದ್ದಿ ಹೊರಬಿದ್ದಾಗ ಅದು ಮೂರು ತಂಡಗಳ ಒಪ್ಪಂದ, ಮಿನ್ನೆಸೋಟಾದವರೂ ಒಳಗಿದ್ದರು. ನಮಗೆ ಬರಬೇಕಿದ್ದ ಒಬ್ಬ ಯುವ ಪಿಚರ್‌ನ ವೈದ್ಯಕೀಯ ವರದಿ ನೋಡಿ ನಮ್ಮವರು ಹಿಂಜರಿದರು. ಮಾತುಕತೆ ನಿಂತಿತು. ಒಪ್ಪಂದ ಅಂತಿಮವಾದದ್ದು 10ರಂದು. ಆ ಆರು ದಿನ ನಾನು ಬೆಳಗ್ಗೆ ಏಳುತ್ತಲೇ ಮೊಬೈಲ್ ನೋಡುತ್ತಿದ್ದೆ, ಐಸಿಯುವಿನ ಹೊರಗೆ ಕುಳಿತವರು ಬಾಗಿಲನ್ನು ನೋಡುವ ಹಾಗೆ. ಮುರಿದುಬೀಳಲಿ ಎಂದು ಹರಕೆ ಹೊರುವುದೊಂದು ಬಾಕಿ. ಮಗಳು ಎದ್ದೊಡನೆ ಪ್ರತಿದಿನವೂ ಕೇಳುತ್ತಿದ್ದಳು, “ಇವತ್ತು ಅವನು ನಮ್ಮವನಾ?” ಐದು ಬೆಳಗ್ಗೆ ಹೌದು ಎಂದೆ.

ಆರನೆಯ ದಿನ ಸಂಜೆ ಅವಳು ತಟ್ಟೆಯ ಮುಂದೆ ಕುಳಿತು, ಅನ್ನ ಕಲಸದೆ ಕೇಳಿದಳು: “ಅಪ್ಪ, ಅವನು ಹೋದನಾ, ಕಳಿಸಿದರಾ?”

“ಅವನು ಹೇಗಿದ್ದರೂ ಹೋಗುತ್ತಿದ್ದ, ಪುಟ್ಟಿ,” ಎಂದೆ ನಾನು.

ಇದು ನನ್ನ ಮಾತಾಗಿರಲಿಲ್ಲ. ತಂಡದವರ ಮಾತು, ಪತ್ರಿಕೆಗಳಲ್ಲಿ ಓದಿದ್ದು, ಕಚೇರಿಯಲ್ಲಿ ಕೇಳಿದ್ದು. ಮಗುವಿನ ಸಂಕಟ ತಗ್ಗಲೆಂದು ಎತ್ತಿಕೊಟ್ಟೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವನಿಗೆ ನಾವು ಇಷ್ಟವಿರಲಿಲ್ಲ,” ಎಂದಳು. ಅವಳನ್ನು ಸಮಾಧಾನಪಡಿಸಲು ಹೋಗಿ ಅವನ ಮೇಲೆ ಅಪವಾದ ಹೊರಿಸಿದ್ದೆ. ಆ ಒಂದು ವಾಕ್ಯವನ್ನು ಹಿಂದಕ್ಕೆ ತೆಗೆದುಕೊಳ್ಳಲು ಸಾಧ್ಯವಿದ್ದರೆ ಇಂದಿಗೂ ತೆಗೆದುಕೊಳ್ಳುತ್ತೇನೆ.

ಜುಲೈ 22ರಂದು, ಡಾಡ್ಜರ್ಸ್ ಪರವಾಗಿ ಇನ್ನೂ ಒಂದೂ ಲೀಗ್ ಪಂದ್ಯ ಆಡುವ ಮೊದಲೇ, ಅವನು ಅವರೊಂದಿಗೆ 12 ವರ್ಷಗಳ, 36.5 ಕೋಟಿ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದ. ನಡುವೆ ಕೊರೊನಾ ಬಂದು ಲೋಕದ ಲೆಕ್ಕಾಚಾರವೇ ಬದಲಾಗಿತ್ತು ಎನ್ನುವುದನ್ನು ಒಪ್ಪುತ್ತೇನೆ. ಆದರೂ ‘ಹೇಗಿದ್ದರೂ ಹೋಗುವವ’ ಎನಿಸಿಕೊಂಡವನು, ಕಳಿಸಿದ ಮನೆಯಲ್ಲಿ 2032ರವರೆಗೆ ಇರುತ್ತೇನೆ ಎಂದ. ಆ ಸಂಜೆ ಮಗಳ ಬಳಿ ಹೋಗಿ, ಅಂದು ನಾನು ಹೇಳಿದ್ದು ತಪ್ಪು, ಅವನನ್ನು ಕಳಿಸಿದರು, ಎಂದೆ. “ನನಗೆ ಗೊತ್ತಿತ್ತು,” ಎಂದಳು.

ಮಾಲೀಕ ಜಾನ್ ಹೆನ್ರಿ ಆ ದಿನಗಳಲ್ಲಿ ಅಭಿಮಾನಿಗಳಿಗೆ ಹೇಳಿದ ಮಾತುಗಳಲ್ಲಿ ಒಂದು ನನ್ನನ್ನು ಇನ್ನೂ ಕಾಡುತ್ತದೆ. ತಾನು ಹುಡುಗನಾಗಿದ್ದಾಗ ಸೇಂಟ್ ಲೂಯಿಸ್‌ನ ಸ್ಟ್ಯಾನ್ ಮ್ಯೂಸಿಯಲ್ ಎಂದರೆ ಪ್ರಾಣ, ಅವನನ್ನು ಯಾವ ಕಾರಣಕ್ಕೇ ಟ್ರೇಡ್ ಮಾಡಿದ್ದರೂ ತನ್ನ ಎದೆ ಒಡೆದುಹೋಗುತ್ತಿತ್ತು ಎಂದು ಅವರು ಹೇಳಿದರು. ನಾನು ಆ ಮಾತನ್ನು ನಂಬುತ್ತೇನೆ. ನಂಬುವುದರಿಂದಲೇ ನೋವು ಹೆಚ್ಚು. ಎದೆ ಒಡೆಯುವುದೆಂದರೆ ಏನೆಂದು ತಿಳಿದವರೇ ಸಹಿ ಹಾಕಿದರು.

ಯಾರ ಆಸ್ತಿ

ಬಾಸ್ಟನ್ನಿನಲ್ಲಿ ಈ ವಿಷಯ ಎತ್ತಿದರೆ ಎರಡು ನಿಮಿಷದೊಳಗೆ ಹಿಂದಿನ ಕಾಲದ ದೊಡ್ಡ ಆಟಗಾರ ಬೇಬ್ ರೂತ್ ಬರುತ್ತಾನೆ. 1919ರ ಡಿಸೆಂಬರ್‌ನಲ್ಲಿ ಅವನನ್ನು ಒಂದು ಲಕ್ಷ ಡಾಲರಿಗೆ ನ್ಯೂಯಾರ್ಕಿನ ಯಾಂಕೀಸ್‌ಗೆ ಮಾರಿದ್ದು, 1918ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡ ಮತ್ತೆ ಗೆಲ್ಲಲು 2004ರವರೆಗೆ ಕಾದದ್ದು. ಸರಿಯಾಗಿ ನೂರು ವರ್ಷಕ್ಕೆ ಮತ್ತೊಮ್ಮೆ ಎಂದು ಎಲ್ಲರೂ ಬರೆದರು. ನನಗೆ ಆ ಹೋಲಿಕೆ ಅಷ್ಟಾಗಿ ಹಿಡಿಸುವುದಿಲ್ಲ. ಅದರಲ್ಲಿ ಊರಿನ ಶಾಪದ ಕಥೆಯಿದೆ, ಆಟಗಾರನೇ ಇಲ್ಲ.

ನಾನು ಹೆಚ್ಚು ಯೋಚಿಸುವುದು ಕರ್ಟ್ ಫ್ಲಡ್ ಬಗ್ಗೆ. 1969ರ ಅಕ್ಟೋಬರ್‌ನಲ್ಲಿ ಸೇಂಟ್ ಲೂಯಿಸ್ ತಂಡ, ಹನ್ನೆರಡು ವರ್ಷ ತನಗಾಗಿ ಆಡಿದ ಅವನನ್ನು ಫಿಲಡೆಲ್ಫಿಯಾಕ್ಕೆ ಟ್ರೇಡ್ ಮಾಡಿತು. ಅವನು ಹೋಗಲು ಒಪ್ಪಲಿಲ್ಲ. ತನ್ನ ಇಷ್ಟಾನಿಷ್ಟವನ್ನು ಕೇಳದೆ ಕೊಂಡು ಮಾರಲು ತಾನೊಂದು ಆಸ್ತಿಯಲ್ಲ ಎಂದು ಲೀಗಿನ ಕಮಿಷನರ್‌ಗೆ ಪತ್ರ ಬರೆದ. ಸುಪ್ರೀಂ ಕೋರ್ಟಿನವರೆಗೆ ಹೋಗಿ 1972ರಲ್ಲಿ ಸೋತ. ಅವನ ಆಟದ ಬದುಕು ಅಲ್ಲಿಗೇ ಮುಗಿದಂತಾಯಿತು. ಆದರೆ 1975ರ ಕೊನೆಗೆ ಬೇರೆ ಇಬ್ಬರು ಪಿಚರ್‌ಗಳ ಪ್ರಕರಣದಲ್ಲಿ ಆಟಗಾರರಿಗೆ ಬಿಡುಗಡೆಯ ದಾರಿ ತೆರೆಯಿತು. ಇಂದು ಹತ್ತು ವರ್ಷ ಆಡಿ, ಅದರಲ್ಲಿ ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವನು ಟ್ರೇಡನ್ನು ಬೇಡವೆನ್ನಬಹುದು. ಮೂಕಿಗೆ ಆರು ವರ್ಷವೂ ತುಂಬಿರಲಿಲ್ಲ. ಹದಿನೆಂಟು ವಯಸ್ಸಿನಲ್ಲಿ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2011ರ ಡ್ರಾಫ್ಟಿನ ಐದನೆಯ ಸುತ್ತಿನಲ್ಲಿ, ಟೆನೆಸ್ಸಿಯ ನ್ಯಾಶ್‌ವಿಲ್‌ನ ಹುಡುಗನನ್ನು ಬಾಸ್ಟನ್ ಆರಿಸಿಕೊಂಡಿತು. ಬರುವಾಗಲೂ ಅವನನ್ನು ಕೇಳಲಿಲ್ಲ, ಹೋಗುವಾಗಲೂ ಕೇಳಲಿಲ್ಲ. ಕೋಟಿಗಟ್ಟಲೆ ಸಂಬಳವಿರುವಾಗ ಇದೆಂಥ ಕಷ್ಟ ಎನ್ನುವವರಿದ್ದಾರೆ. ಸಂಬಳ ದೊಡ್ಡದೇ. ಬೆಳಗ್ಗೆ ಎದ್ದಾಗ ನಿನ್ನ ಊರು ಇನ್ನು ಇದಲ್ಲ ಎಂದು ಇನ್ನೊಬ್ಬರು ಹೇಳುವುದೂ ಅಷ್ಟೇ ದೊಡ್ಡದು. ಅವನಿಗೆ ಆಗ ಹದಿನೈದು ತಿಂಗಳ ಮಗಳಿದ್ದಳು.

ನಮ್ಮ ಕಡೆಯವರಿಗೆ ಈ ಬಗೆಯ ನೋವು ತಡವಾಗಿ ಬಂತು. ಕರ್ನಾಟಕ ರಣಜಿ ತಂಡವನ್ನು ನೋಡುತ್ತ ಬೆಳೆದವನು ನಾನು. ಅಲ್ಲಿ ಆಟಗಾರ ಎಂದರೆ ನೆಲದ ಬೆಳೆ. 2011ರ ಹರಾಜಿನಲ್ಲಿ ರಾಹುಲ್ ದ್ರಾವಿಡ್ ರಾಜಸ್ಥಾನದ ಪಾಲಾದಾಗ ಮೊದಲ ಸಲ ಎದೆಯಲ್ಲಿ ಏನೋ ಸರಿದಂತಾಯಿತು. ಆದರೆ ದ್ರಾವಿಡ್ ಬೇರೆ ಬಣ್ಣದ ಅಂಗಿ ತೊಟ್ಟರೂ ಸಂಜೆಗೆ ಇಂದಿರಾನಗರದ ಮನೆಗೇ ಬರುವವರು, ನಮ್ಮ ಭಾಷೆಯನ್ನೇ ಆಡುವವರು ಎಂಬ ಧೈರ್ಯವಿತ್ತು. ಮೂಕಿಯೊಂದಿಗೆ ನನಗೆ ನೆಲದ ನಂಟಿಲ್ಲ, ಭಾಷೆಯ ನಂಟಿಲ್ಲ. ಅವನೂ ಬಾಸ್ಟನ್ನಿನವನಲ್ಲ, ನಾನೂ ಅಲ್ಲ. ಇಬ್ಬರೂ ಬಂದವರು. ನಾನು ಈ ಊರನ್ನು ನನ್ನದೆನ್ನಲು ಕಲಿತದ್ದೇ ಅವನು ಆ ಮೂಲೆಯಲ್ಲಿ ನಿಂತ ವರ್ಷಗಳಲ್ಲಿ. ಕಚೇರಿಯ ಲಿಫ್ಟಿನಲ್ಲಿ, ಕ್ಷೌರದ ಅಂಗಡಿಯಲ್ಲಿ, ಹಿಮ ತೆಗೆಯುವಾಗ ಬೇಲಿಯಾಚೆಯ ಮುದುಕನ ಜೊತೆ, ‘ನಿನ್ನೆ ಮೂಕಿ ನೋಡಿದಿರಾ’ ಎಂಬ ಒಂದು ಮಾತಿನಿಂದ ನಾನು ಹೊರಗಿನವನಲ್ಲದವನಾಗುತ್ತಿದ್ದೆ.

ಅಮ್ಮ ಹೇಳಿದ ಸುಳ್ಳು

ಇದನ್ನು ಬರೆಯಬೇಕೇ ಬೇಡವೇ ಎಂದು ಬಹಳ ಯೋಚಿಸಿದೆ.

2012ರಲ್ಲಿ ನಾನು ಅಮೆರಿಕಕ್ಕೆ ಬಂದದ್ದು ನಾನಾಗಿ ಕೇಳಿಕೊಂಡು. ಮ್ಯಾನೇಜರ್‌ಗೆ ಮೂರು ಸಲ ಪತ್ರ ಬರೆದಿದ್ದೆ. ಅಪ್ಪನಿಗೆ ಅಷ್ಟರಲ್ಲೇ ಒಮ್ಮೆ ಎದೆನೋವು ಬಂದು ಹೋಗಿತ್ತು. ಅದು ಗೊತ್ತಿದ್ದೂ ಕೇಳಿದ್ದೆ, ಗೊತ್ತಿದ್ದೂ ಹೊರಟೆ. ಅಮ್ಮ ಏನೂ ಹೇಳಲಿಲ್ಲ. ಚಟ್ನಿಪುಡಿ, ಹುಣಿಸೇಹಣ್ಣು, ಒಂದು ಸಣ್ಣ ಕಂಚಿನ ದೀಪ ಕಟ್ಟಿಕೊಟ್ಟಳು.

2017ರಲ್ಲಿ ಅಪ್ಪ ಹೋದಾಗ ನಾನು ಮನೆ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ವೈಕುಂಠ ಸಮಾರಾಧನೆಯ ದಿನ, ಸರಸ್ವತಿಪುರಂನ ನಮ್ಮ ಮನೆಯ ಎದುರು ಸಾಲಿನ ಹಿರಿಯರೊಬ್ಬರು ಎಲೆಯ ಮುಂದೆ ಕುಳಿತವರು ನನ್ನ ಕೈ ಹಿಡಿದುಕೊಂಡು ಕೇಳಿದರು: “ಎರಡು ವರ್ಷಕ್ಕೆ ಎಂದು ಕಳಿಸಿದವರು ಇನ್ನೂ ವಾಪಸು ಕರೆಸಿಕೊಳ್ಳಲಿಲ್ಲವೇನಪ್ಪ ಆ ಕಂಪನಿಯವರು? ಎಂಥ ಕಟುಕರು. ಹೆತ್ತ ತಂದೆಯ ಕಡೆಗಾಲಕ್ಕೂ ಬಿಡಲಿಲ್ಲವಲ್ಲ.” ನಾನು ಪಾಯಸದ ಪಾತ್ರೆ ಹಿಡಿದುಕೊಂಡು ನಿಂತಿದ್ದೆ. ಪಂಕ್ತಿಯ ಕೊನೆಯಲ್ಲಿ ಅಮ್ಮ ನಿಂತಿದ್ದಳು. ಆ ಮಾತು ಅವಳಿಗೂ ಕೇಳಿತ್ತು. ಐದು ವರ್ಷ ಅವಳು ಬೀದಿಗೆಲ್ಲ, ದೇವಸ್ಥಾನದಲ್ಲೆಲ್ಲ, ಸಂಬಂಧಿಕರಿಗೆಲ್ಲ ಅದನ್ನೇ ಹೇಳಿಕೊಂಡು ಬಂದಿದ್ದಳು. ಮಗ ಹೋಗಲಿಲ್ಲ, ಮಗನನ್ನು ಕಳಿಸಿದರು. ನಾನು ಹಿರಿಯರಿಗೆ “ಹೌದು” ಎಂದೆ. ಪಾಯಸ ಬಡಿಸಿದೆ.

ಮೂಕಿಯ ವಿಷಯದಲ್ಲಿ ನನಗೆ ನಿದ್ದೆ ಕೆಡಿಸಿದ್ದು ಕೊನೆಗೂ ಇದೇ. ಬಿಟ್ಟುಹೋದವನ ಮಾನ ಕಾಯಲು ಅಮ್ಮ ‘ಹೋದ’ ಎಂಬುದನ್ನು ‘ಕಳಿಸಿದರು’ ಮಾಡಿದಳು. ಇಲ್ಲಿ ಕಳಿಸಿದವರು ತಮ್ಮ ಮಾನ ಕಾಯಲು ‘ಕಳಿಸಿದೆವು’ ಎಂಬುದನ್ನು ‘ಹೋಗುತ್ತಿದ್ದ’ ಮಾಡಿದರು. ಅಮ್ಮ ತಪ್ಪನ್ನು ಹೊರಗಿನವರ ಮೇಲೆ ಹಾಕಿ ಮಗನನ್ನು ಉಳಿಸಿಕೊಂಡಳು. ಇವರು ಮಗನ ಮೇಲೇ ಹಾಕಿ ಮನೆಯನ್ನು ಉಳಿಸಿಕೊಂಡರು. ಅಂಥ ವಾಕ್ಯವನ್ನು ನಾನೇ ಮಗಳ ತಟ್ಟೆಯ ಮುಂದೆ ಬಡಿಸಿದ್ದೆನಲ್ಲ ಎಂಬುದು ನನಗೆ ತಡೆಯಲಾಗದ್ದು.

ತವರು

ನಮ್ಮ ಪತ್ರಿಕೆಗಳ ಕ್ರೀಡಾಪುಟದಲ್ಲಿ ಸ್ವಂತ ಮೈದಾನಕ್ಕೆ ‘ತವರಿನ ಅಂಗಳ’ ಎನ್ನುತ್ತಾರೆ. ಯಾರು ಮೊದಲು ಬಳಸಿದರೋ, ಅವರ ಕೈಗೆ ನಮಸ್ಕಾರ. 2023ರ ಆಗಸ್ಟ್ 25ರಂದು, ಮೂರೂವರೆ ವರ್ಷಗಳ ಮೇಲೆ, ಮೂಕಿ ಮೊದಲ ಬಾರಿಗೆ ಫೆನ್‌ವೇಗೆ ಎದುರಾಳಿಯಾಗಿ ಬಂದ. ಟಿಕೆಟ್ ದುಬಾರಿಯಾಗಿತ್ತು, ಕೊಂಡೆ. ಹದಿಮೂರು ವರ್ಷದ ಮಗಳು ಹಿಂದಿನ ದಿನ ಬೀರುವಿನ ತಳದಿಂದ 50ರ ಅಂಗಿಯನ್ನು ತೆಗೆದಳು. ಸಣ್ಣದಾಗಿತ್ತು. ಕತ್ತರಿಯ ತುದಿಯಿಂದ ಅಜ್ಜಿಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದಳು. ಒಳಗೆ ಮಡಿಚಿದ್ದ ನಾಲ್ಕು ಬೆರಳಿನ ಬಟ್ಟೆ ಹೊರಬಂತು. ಉಳಿದ ಅಂಗಿ ಒಗೆದು ಒಗೆದು ಕೆನೆಬಣ್ಣಕ್ಕೆ ತಿರುಗಿತ್ತು, ಆ ಪಟ್ಟಿ ಮಾತ್ರ ಅಂಗಡಿಯಿಂದ ತಂದ ದಿನದ ಬಿಳುಪು. ಗೆರೆಯುದ್ದಕ್ಕೂ ಸೂಜಿಯ ತೂತುಗಳು.

ಮೊದಲ ಇನ್ನಿಂಗ್ಸಿನ ಮೊದಲ ಬ್ಯಾಟುಗಾರ ಅವನೇ. ಹೆಸರು ಕೂಗಿದರು. ನೀಲಿ ಅಕ್ಷರಗಳ ಬೂದು ಅಂಗಿ, ಬೆನ್ನಿನ ಮೇಲೆ ಅದೇ 50. ಈ ಬಾರಿ ಹೆಸರೂ ಇತ್ತು. ಜನ ಎದ್ದು ನಿಂತರು. ಅವನು ಹೆಲ್ಮೆಟ್ ತೆಗೆದು ಎತ್ತಿ ಹಿಡಿದ. ಚಪ್ಪಾಳೆ ನಿಲ್ಲಲಿಲ್ಲ. ನಮ್ಮ ಮುಂದಿನ ಸಾಲಿನಲ್ಲಿ ಎಪ್ಪತ್ತು ದಾಟಿದ ಹೆಂಗಸೊಬ್ಬರು ಕೆಂಪು ಟೋಪಿ ಹಾಕಿಕೊಂಡು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದರು. ಮದುವೆಯಾಗಿ ಹೋದ ಮಗಳು ಗೌರಿಹಬ್ಬಕ್ಕೆ ಬಂದು ಹೊಸ್ತಿಲ ಹೊರಗೆ ಚಪ್ಪಲಿ ಬಿಡುವಾಗ, ಮನೆಯವರೆಲ್ಲ ಸುಮ್ಮನೆ ಎದ್ದು ನಿಲ್ಲುತ್ತಾರಲ್ಲ, ಅದು ನೆನಪಾಯಿತು. ಯಾರೂ ಅವಳ ಗಂಡನ ಮನೆಯ ಬಗ್ಗೆ ಕೆಟ್ಟದಾಡುವುದಿಲ್ಲ. ಅವಳ ಕೋಣೆಯಲ್ಲಿ ಈಗ ಯಾರು ಮಲಗುತ್ತಾರೆ ಎಂಬ ಮಾತನ್ನೂ ಎತ್ತುವುದಿಲ್ಲ. ಭಾನುವಾರದ ಪಂದ್ಯದಲ್ಲಿ ಅವನು ಹೋಂ ರನ್ ಹೊಡೆದ. ಟಿವಿಯಲ್ಲಿ ನೋಡಿದೆವು. ನಮ್ಮ ತಂಡದ ವಿರುದ್ಧದ ಓಟಕ್ಕೆ ನಮ್ಮ ಮನೆಯಲ್ಲಿ ಚಪ್ಪಾಳೆ ಬಿತ್ತು.

ಆ ವರ್ಷದ ಕೊನೆಗೆ ವರ್ಡುಗೊನನ್ನು ಯಾಂಕೀಸ್‌ಗೆ ಕೊಟ್ಟರು. ಡೌನ್ಸ್ ಅಷ್ಟರಲ್ಲೇ ಹೋಗಿಯಾಗಿತ್ತು. ಮೂಕಿಗೆ ಬದಲಾಗಿ ಬಂದವರಲ್ಲಿ ಕಾನರ್ ವಾಂಗ್ ಒಬ್ಬ ಉಳಿದ. ಅವನ ಮೇಲೆ ನನಗೆ ಯಾವ ಮುನಿಸೂ ಇಲ್ಲ, ಒಳ್ಳೆಯ ಕ್ಯಾಚರ್. ಆ ಹುಡುಗರನ್ನೂ ಯಾರೂ ಕೇಳಿರಲಿಲ್ಲ.

ಅಪ್ಪಂದಿರ ದಿನ, ರಾಜ್ಯೋತ್ಸವದ ದಿನ

2025ರ ಜೂನ್ 15, ಅಪ್ಪಂದಿರ ದಿನ. ಮಧ್ಯಾಹ್ನ ಮಗಳೇ ನಿಂತು ಬಿಸಿಬೇಳೆಬಾತ್ ಮಾಡಿದ್ದಳು. ರಫೇಲ್ ಡೆವರ್ಸ್ ಹೋಂ ರನ್ ಹೊಡೆದಿದ್ದ, ಯಾಂಕೀಸ್‌ನ ಮೇಲೆ ಮೂರಕ್ಕೆ ಮೂರೂ ಪಂದ್ಯ ಗೆದ್ದಿದ್ದೆವು. ಸಂಜೆ ಸುದ್ದಿ ಬಂತು: ಡೆವರ್ಸ್‌ನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಟ್ರೇಡ್ ಮಾಡಲಾಗಿದೆ. ಹದಿನಾರು ವಯಸ್ಸಿಗೆ ನಮ್ಮ ತಂಡಕ್ಕೆ ಸಹಿ ಹಾಕಿದ ಡೊಮಿನಿಕನ್ ಹುಡುಗ. 2023ರಲ್ಲಿ ಹತ್ತು ವರ್ಷಗಳ, 31.35 ಕೋಟಿಯ ಒಪ್ಪಂದ ಮಾಡಿಕೊಂಡು, ಮೂಕಿಯ ತಪ್ಪನ್ನು ಇನ್ನು ಮಾಡುವುದಿಲ್ಲ ಎಂಬ ಭರವಸೆಯ ಹಾಗೆ ನಮ್ಮ ಮುಂದೆ ನಿಲ್ಲಿಸಿದ್ದವನು. ಎಲ್ಲಿ ಆಡಬೇಕೆಂಬ ವಿಷಯದಲ್ಲಿ ತಂಡದೊಂದಿಗೆ ಮನಸ್ತಾಪವಾಗಿತ್ತು ನಿಜ.

ನಾನು ಮಗಳ ಮುಖ ನೋಡಿದೆ. ಅಳುತ್ತಾಳೇನೋ ಎಂದುಕೊಂಡೆ. ಅವಳು ಮೊಬೈಲಿನಿಂದ ತಲೆಯೆತ್ತದೆ ಕೇಳಿದಳು: “ಉಳಿದ ಒಪ್ಪಂದ ಪೂರ್ತಿ ಅವರೇ ಹೊರುತ್ತಾರಾ? ಹಾಗಾದರೆ 25 ಕೋಟಿಯಷ್ಟು ಉಳಿಯಿತು.” ಲೆಕ್ಕ ಸರಿಯಾಗಿಯೇ ಇತ್ತು. ತಟ್ಟೆಯ ಮುಂದೆ ಅನ್ನ ಕಲಸದೆ ಕುಳಿತಿದ್ದ ಮಗು ಐದು ವರ್ಷದಲ್ಲಿ ಮಾಲೀಕರ ಭಾಷೆ ಕಲಿತುಬಿಟ್ಟಿದ್ದಳು. ಹೋದನಾ, ಕಳಿಸಿದರಾ ಎಂದು ಅವಳು ಕೇಳಲಿಲ್ಲ. ಮೂಕಿಯನ್ನು ಕಳಿಸಿದ್ದಕ್ಕಿಂತ ನಾನು ಅವರನ್ನು ಕ್ಷಮಿಸಲಾರದ್ದು ಇದಕ್ಕೆ. ಒಬ್ಬ ಆಟಗಾರನನ್ನು ಸುಮ್ಮನೆ ಇಷ್ಟಪಡುವ ಶಕ್ತಿ ಮಗುವಿಗೆ ಹುಟ್ಟಿನಿಂದಲೇ ಇರುತ್ತದೆ. ಅದು ಸವೆದುಹೋದ ಸದ್ದನ್ನು ನಾನು ನನ್ನ ಅಡುಗೆಮನೆಯಲ್ಲಿ ಕೇಳಿದೆ.

ನವೆಂಬರ್ 1, ಶನಿವಾರ. ರಾಜ್ಯೋತ್ಸವದ ನೆನಪಿಗೆ ಮನೆಯಲ್ಲಿ ಒಬ್ಬಟ್ಟು ಮಾಡಿದ್ದೆವು. ರಾತ್ರಿ ವರ್ಲ್ಡ್ ಸೀರೀಸಿನ ಏಳನೆಯ ಪಂದ್ಯ, ಟೊರಾಂಟೊದಲ್ಲಿ, ಡಾಡ್ಜರ್ಸ್ ಮತ್ತು ಬ್ಲೂ ಜೇಸ್. ಮಗಳು ಪರೀಕ್ಷೆಗೆ ಓದಬೇಕು ಎಂದು ಕೋಣೆ ಸೇರಿದ್ದಳು. ಆಟ ಒಂಬತ್ತು ಇನ್ನಿಂಗ್ಸಿಗೆ ಮುಗಿಯದೆ ಹನ್ನೊಂದಕ್ಕೆ ಹೋಯಿತು. ಡಾಡ್ಜರ್ಸ್ ಒಂದು ಓಟ ಮುಂದೆ. ಟೊರಾಂಟೊದವರು ಮೊದಲ ಬೇಸಿನಲ್ಲೊಬ್ಬ, ಮೂರನೆಯದರಲ್ಲೊಬ್ಬ. ಬ್ಯಾಟು ಮುರಿದು ಚೆಂಡು ನೆಲದ ಮೇಲೆ ಎರಡನೆಯ ಮತ್ತು ಮೂರನೆಯ ಬೇಸುಗಳ ನಡುವಿನ ಶಾರ್ಟ್‌ಸ್ಟಾಪ್ ಕಡೆಗೆ ಉರುಳಿತು. ಅಲ್ಲಿ ನಿಂತಿದ್ದವನು ಮೂಕಿ. ಮೂವತ್ತು ದಾಟಿದ ಮೇಲೆ ಮೂಲೆಯನ್ನು ಬಿಟ್ಟು ಮೈದಾನದ ಅತಿ ಕಷ್ಟದ ಜಾಗವನ್ನು ಹೊಸದಾಗಿ ಕಲಿತವನು. ಚೆಂಡನ್ನು ಹಿಡಿದ, ತಾನೇ ಓಡಿ ಎರಡನೆಯ ಬೇಸನ್ನು ತುಳಿದ, ಮೊದಲನೆಯದಕ್ಕೆ ಎಸೆದ. ಇಬ್ಬರೂ ಔಟ್, ಡಾಡ್ಜರ್ಸ್‌ಗೆ ಗೆಲುವು. ಮುಗಿಯಿತು. ಬೆನ್ನ ಹಿಂದೆ ಸದ್ದಾಯಿತು. ಮಗಳು ಬಾಗಿಲ ಬಳಿ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ. ಸೊಂಟದ ತನಕ ಬರುವ ಹೊದಿಕೆಯ ಕೆಳಗೆ ಆ ಅಂಗಿಯ ಬಿಳಿ ಪಟ್ಟಿ ಕಾಣುತ್ತಿತ್ತು.

ಮೈಸೂರಿನಲ್ಲಿ ಆಗ ಬೆಳಗ್ಗೆ ಹತ್ತರ ಹತ್ತಿರ. ಫೋನ್ ಮಾಡಿದೆ. ಅಮ್ಮನಿಗೆ ಈಗ ಕಿವಿ ಸ್ವಲ್ಪ ಮಂದ. ಎರಡು ಸಲ ಹೇಳಬೇಕಾಯಿತು.

“ಯಾರು, ಆ ಮೂಲೆಯ ಹುಡುಗನಾ?”

“ಹೌದು. ಈಗ ಮೂಲೆಯಲ್ಲಿ ಇಲ್ಲ ಅಮ್ಮ, ನಡುವೆ ನಿಲ್ಲುತ್ತಾನೆ.”

“ಚೆನ್ನಾಗಿದ್ದಾನಾ?”

“ಚೆನ್ನಾಗಿದ್ದಾನೆ.”

ಅತ್ತ ಕಡೆ ಕುಕ್ಕರ್ ಕೂಗಿತು. ಅದು ನಿಲ್ಲುವವರೆಗೆ ಅಮ್ಮ ಕಾದಳು. “ನೀನು?” ಎಂದಳು.